ಬೆಟ್ಟದ ತಿರುವಿನಲ್ಲಿ ಕಣ್ಣಿಗೆ ಹೊಡೆಯುವ ಬೆಳಕು: ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಪೊಲೀಸ್ ಆಯುಕ್ತರು, ಮೈಸೂರು ನಗರ
ಮಾನ್ಯ ಪ್ರಾದೇಶಿಕ ಸಾರಿಗೆ ಅಧಿಕಾರಿಗಳು, ಮೈಸೂರು
ಹಾಗೂ ಹಳೆಯ ಜೀಪು, ಜಿಪ್ಸಿಗಳನ್ನು ಉಳಿಸಿಕೊಂಡು ಬಂದಿರುವ ನನ್ನಂಥ ಎಲ್ಲ ಮಾಲೀಕರಿಗೆ

ವಿಷಯ: ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಕಣ್ಣು ಕುಕ್ಕುವ ಹೆಡ್‌ಲೈಟುಗಳ ಹಾವಳಿ ಮತ್ತು ಹಳೆಯ ವಾಹನಗಳಿಗೆ ಸರಿಯಾದ ದೀಪ ಹಾಕಿಸಿಕೊಳ್ಳಲು ವ್ಯವಸ್ಥೆಯೇ ಇಲ್ಲದಿರುವ ಕುರಿತು.

ಮಾನ್ಯರೇ,

ಕತ್ತಲಾದ ಮೇಲೆ ಚಾಮುಂಡಿ ಬೆಟ್ಟದಿಂದ ಗಾಡಿ ಇಳಿಸುವುದೆಂದರೆ ಈಗೀಗ ಜೀವ ಕೈಯಲ್ಲಿ ಹಿಡಿದುಕೊಳ್ಳುವ ಕೆಲಸವಾಗಿದೆ. ಕೆಳಗಿನಿಂದ ಹತ್ತಿ ಬರುವ ಗಾಡಿಯ ಮೂತಿ ಏರಿನಿಂದಾಗಿ ಮೇಲಕ್ಕೆತ್ತಿರುತ್ತದೆ. ಅದರ ಬೆಳಕು ಇಳಿಯುವವನ ಕಣ್ಣಿಗೇ ನೇರವಾಗಿ ಬಂದು ಹೊಡೆಯುತ್ತದೆ. ಕಿರಿದಾದ ಕಡಿದಾದ ರಸ್ತೆಯಲ್ಲಿ ಹತ್ತುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕೆಂಬುದು ನಿಯಮ. ದಾರಿ ಬಿಡಲು ಅಂಚಿಗೆ ಸರಿಯಬೇಕು. ಏನೂ ಕಾಣದೆ ಅಂಚಿಗೆ ಸರಿಯುವುದು ಹೇಗೆ? 2021ರ ಮಳೆಗಾಲದ ಕೊನೆಯಲ್ಲಿ ನಂದಿಯ ಕಡೆಗೆ ಹೋಗುವ ರಸ್ತೆಯ ಅಂಚೇ ಕುಸಿದು ಹೋದದ್ದನ್ನು ಮೈಸೂರಿನ ಜನ ಮರೆತಿಲ್ಲ. ಈ ಬೆಟ್ಟದಲ್ಲಿ ರಸ್ತೆಯ ಅಂಚೆಂದರೆ ಏನೆಂದು ನಮಗೆಲ್ಲ ಗೊತ್ತು.

ಗಾಡಿಯಲ್ಲಿರುವವರ ಪಾಡು ಇದಾದರೆ, ನಡೆಯುವವರ ಪಾಡು ಇನ್ನೂ ಕಷ್ಟದ್ದು. ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ಸಾವಿರ ಮೆಟ್ಟಿಲ ದಾರಿ ಇವತ್ತಿಗೂ ಜೀವಂತವಾಗಿದೆ. ಬೆಳಕು ಹರಿಯುವ ಮೊದಲೇ ಹತ್ತಲು ಬರುವವರಲ್ಲಿ ಹರಕೆ ಹೊತ್ತವರಿದ್ದಾರೆ, ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಬಗ್ಗಿ ಬಗ್ಗಿ ಏಳುವ ಹೆಂಗಸರಿದ್ದಾರೆ, ವ್ಯಾಯಾಮಕ್ಕೆ ಬರುವ ನಿವೃತ್ತರಿದ್ದಾರೆ. ಆ ಮೆಟ್ಟಿಲ ದಾರಿ ನಂದಿಯ ಬಳಿ ಡಾಂಬರು ರಸ್ತೆಯನ್ನು ಕೂಡುತ್ತದೆ, ದಾಟುತ್ತದೆ. ತಿರುವಿನಲ್ಲಿ ಗಾಡಿ ಹೊರಳಿದಾಗ ಅದರ ಬೆಳಕು ರಸ್ತೆಯ ಮೇಲೆ ಮಾತ್ರ ಬೀಳುವುದಿಲ್ಲ, ಅಂಚಿನಲ್ಲಿ ನಿಂತವರ ಮುಖದ ಮೇಲೆಲ್ಲ ಹರಿದು ಹೋಗುತ್ತದೆ. ವಯಸ್ಸಾದ ಕಣ್ಣಿಗೆ ಇದರಿಂದ ಚೇತರಿಸಿಕೊಳ್ಳಲು ಎಳೆಯ ಕಣ್ಣಿಗಿಂತ ಹೆಚ್ಚು ಹೊತ್ತು ಬೇಕು. ಪೊರೆ ಬರತೊಡಗಿದ ಕಣ್ಣಿನೊಳಗೆ ಆ ಬೆಳಕು ಚದುರಿ, ನೋಡಿದ್ದೆಲ್ಲ ಬಿಳಿಯ ಮಬ್ಬಾಗುತ್ತದೆ. ಪಿಂಚಣಿದಾರರ ಊರೆಂದು ಹೆಸರಾದ ನಗರದಲ್ಲಿ ಇದನ್ನು ಸಣ್ಣ ತೊಂದರೆಯೆಂದು ಯಾರೂ ತಳ್ಳಿಹಾಕುವಂತಿಲ್ಲ. ಮುಂಜಾನೆ ಸೈಕಲ್ ತುಳಿದು ಬೆಟ್ಟ ಹತ್ತುವ ಹುಡುಗ ಹುಡುಗಿಯರೂ ಇದೇ ರಸ್ತೆಯಲ್ಲಿ ಇರುತ್ತಾರೆ. ಬೆಟ್ಟದ ಸುತ್ತಲಿನ ಕಾಡು ಮೀಸಲು ಅರಣ್ಯ. ಅಲ್ಲಿನ ಚಿರತೆ, ಕಾಡುಹಂದಿಗಳಿಗೂ ರಾತ್ರಿಯೆಂಬುದು ಬೇಕು.

ಕಣ್ಣು ಕುಕ್ಕುವವುಗಳಲ್ಲಿ ಹೊಸ ಕಾರುಗಳೂ ಇವೆ, ಹ್ಯಾಂಡಲ್ಲಿಗೆ ಎಲ್‌ಇಡಿ ಪಟ್ಟಿ ಕಟ್ಟಿಕೊಂಡ ಬೈಕುಗಳೂ ಇವೆ. ಆದರೆ ಈ ಪತ್ರದಲ್ಲಿ ನಾನು ಹೆಚ್ಚಾಗಿ ಮಾತಾಡುವುದು ಹಳೆಯ ಜೀಪುಗಳ ಬಗ್ಗೆ. ನನ್ನಲ್ಲಿಯೂ ಒಂದು ಮಹೀಂದ್ರ ಎಂಎಂ 540 ಇದೆ. ಅಪ್ಪನ ಕಾಲದ್ದು, ಮಾರುವ ಮನಸ್ಸಿಲ್ಲ. ಮೈಸೂರು, ಕೊಡಗು, ಹಾಸನ, ಚಿಕ್ಕಮಗಳೂರಿನ ಕಡೆ ಇಂಥ ಜೀಪುಗಳು ಎಷ್ಟೋ ಮನೆಗಳಲ್ಲಿವೆ: ತೋಟಕ್ಕೆ ಹೋಗಿ ಬರುವವು, ಸೈನ್ಯದ ಹರಾಜಿನಲ್ಲಿ ಕೊಂಡವು, ಆಫ್‌ರೋಡ್ ಹವ್ಯಾಸಕ್ಕೆಂದು ಎಬ್ಬಿಸಿ ನಿಲ್ಲಿಸಿದವು. ಇವುಗಳ ಮಾಲೀಕರಲ್ಲಿ ಹೆಚ್ಚಿನವರು ಗಾಡಿಯನ್ನು ಪ್ರೀತಿಸುವವರು. ಎದುರಿನವರ ಕಣ್ಣು ಕೆಡಿಸಬೇಕೆಂದು ಯಾರೂ ದೀಪ ಬದಲಿಸುವುದಿಲ್ಲ. ಅವರಿಗೆ ಬೆಳಕು ನಿಜಕ್ಕೂ ಸಾಲದು. ಹಳೆಯ ಜೀಪಿನ ಹಳದಿ ಬೆಳಕಿನಲ್ಲಿ ರಸ್ತೆಯ ಹೊಂಡ ಕಾಣುವಷ್ಟರಲ್ಲಿ ಚಕ್ರ ಅದರೊಳಗೆ ಇಳಿದಿರುತ್ತದೆ. ಆ ಕೊರತೆ ನಿಜ, ಅದನ್ನು ನೀಗಿಸಿಕೊಳ್ಳುವ ಹಕ್ಕೂ ನಿಜ. ನನ್ನ ದೂರು ಇರುವುದು ಇಲ್ಲಿ: ಈ ಕೊರತೆಯನ್ನು ಹೊತ್ತು ಹೋದವನಿಗೆ ಪೇಟೆಯಲ್ಲಿ ಸಿಗುವುದು ತಪ್ಪು ಮದ್ದು, ಕಚೇರಿಯಲ್ಲಿ ಸಿಗುವುದು ದಂಡದ ರಸೀದಿ. ಸರಿಯಾದ ಮದ್ದು ಯಾವುದೆಂದು ಹೇಳುವ ಒಂದು ಜಾಗವೂ ಇಲ್ಲ.

ಪೇಟೆಯ ವಿಷಯ ಮೊದಲು ಹೇಳುತ್ತೇನೆ. 7 ಇಂಚಿನ ದುಂಡು ಹೆಡ್‌ಲೈಟನ್ನು ಅಮೆರಿಕದಲ್ಲಿ ಕಾರುಗಳಿಗೆಲ್ಲ ಒಂದೇ ಅಳತೆಯಾಗಿ ನಿಗದಿ ಮಾಡಿದ್ದು 1940ರಲ್ಲಿ. ಯುದ್ಧ ಮುಗಿದ ಮೇಲೆ ಬಂದ ನಾಗರಿಕ ಜೀಪುಗಳು ಅದೇ ದೀಪ ಹೊತ್ತು ಬಂದವು. ನಮ್ಮ ಮಹೀಂದ್ರ ಜೀಪುಗಳೂ, 1985ರಲ್ಲಿ ಬಂದ ಮಾರುತಿ ಜಿಪ್ಸಿಯೂ ಅದೇ ಅಳತೆಯನ್ನು ಉಳಿಸಿಕೊಂಡವು. ಹೀಗಾಗಿ ಜಗತ್ತಿನ ಯಾವ ಮೂಲೆಯಲ್ಲಿ ತಯಾರಾದ 7 ಇಂಚಿನ ದೀಪವನ್ನಾದರೂ ತಂದು ನಮ್ಮ ಜೀಪಿನ ಬಟ್ಟಲಿಗೆ ಕೂರಿಸಬಹುದು. ಇದು ಅನುಕೂಲವೂ ಹೌದು, ಅಪಾಯವೂ ಹೌದು. ಕೂರುತ್ತದೆ ಎಂಬ ಒಂದೇ ಕಾರಣಕ್ಕೆ ಅದನ್ನು ಕೊಡುತ್ತಾರೆ, ಕೊಳ್ಳುತ್ತಾರೆ.

ಬಲ್ಬಿನ ಕಥೆ ಇದಕ್ಕಿಂತ ಕೆಟ್ಟದ್ದು. ನಮ್ಮ ಹೆಚ್ಚಿನ ಜೀಪುಗಳಲ್ಲಿ ಇರುವುದು ಎಚ್4 ಹ್ಯಾಲೊಜೆನ್ ಬಲ್ಬು. ಅದನ್ನು ಒಮ್ಮೆ ಕೈಯಲ್ಲಿ ಹಿಡಿದು, ಗಾಜಿಗೆ ಬೆರಳು ತಾಗಿಸದೆ, ಬೆಳಕಿಗೆ ಎತ್ತಿ ನೋಡಿ. ಒಳಗೆ ಎರಡು ತಂತಿ ಸುರುಳಿಗಳಿವೆ. ಮುಂದಿನದು ಲೋ ಬೀಮ್, ಹಿಂದಿನದು ಹೈ ಬೀಮ್. ಮುಂದಿನ ಸುರುಳಿಯ ಕೆಳಗೆ ಉಗುರಿನ ತುದಿಯಷ್ಟು ಸಣ್ಣದೊಂದು ಲೋಹದ ದೊನ್ನೆ ಇದೆ. ಕೆಳಮುಖವಾಗಿ ಹೋಗುವ ಬೆಳಕನ್ನೆಲ್ಲ ಅದು ತಡೆಯುತ್ತದೆ. ಆ ಬೆಳಕು ರಿಫ್ಲೆಕ್ಟರಿನ ಕೆಳಭಾಗಕ್ಕೆ ಬಿದ್ದಿದ್ದರೆ ಮೇಲಕ್ಕೆ ಚಿಮ್ಮಿ ಎದುರಿನವನ ಕಣ್ಣಿಗೆ ಹೋಗುತ್ತಿತ್ತು. ಲೋ ಬೀಮ್ ಹಾಕಿ ಗೋಡೆಗೆ ಬೆಳಕು ಬಿಟ್ಟರೆ ಮೇಲೆ ಕತ್ತಲು ಕೆಳಗೆ ಬೆಳಕು ಎಂದು ಗೆರೆ ಕೊಯ್ದಂತೆ ಕಾಣುವುದು ಆ ದೊನ್ನೆಯ ಕೆಲಸ. ಆ ಗೆರೆಯ ಒಂದು ಬದಿ ಸ್ವಲ್ಪ ಮೇಲಕ್ಕೆ ಏರಿರುತ್ತದೆ. ನಾವು ಎಡಗಡೆ ಗಾಡಿ ಓಡಿಸುವವರಾದ್ದರಿಂದ ಅದು ಎಡಕ್ಕೆ ಏರಬೇಕು. ರಸ್ತೆಯಂಚಿನ ಮನುಷ್ಯ, ಮರ, ಮೈಲಿಗಲ್ಲು ಕಾಣಲಿ ಎಂಬುದು ಅದರ ಉದ್ದೇಶ.

ಈ ಬಲ್ಬನ್ನು ತೆಗೆದು ಅದೇ ಹೋಲ್ಡರಿಗೆ ಎಲ್‌ಇಡಿ ಬಲ್ಬು ಸಿಕ್ಕಿಸಿದರೆ ಏನಾಗುತ್ತದೆ? ಸುರುಳಿ ಇದ್ದ ಜಾಗದಲ್ಲಿ ಈಗ ಚಪ್ಪಟೆ ಚಿಪ್ಪುಗಳಿವೆ. ಅವು ಬೆಳಕು ಚೆಲ್ಲುವ ದಿಕ್ಕು ಬೇರೆ, ಕೂತ ಜಾಗವೂ ಕೂದಲೆಳೆಯಷ್ಟಾದರೂ ಬೇರೆ. ರಿಫ್ಲೆಕ್ಟರು ಲೆಕ್ಕ ಹಾಕಿ ಮಾಡಿದ್ದು ಸುರುಳಿಯ ಆ ನಿರ್ದಿಷ್ಟ ಬಿಂದುವಿಗೆ. ಬಿಂದು ತಪ್ಪಿತೆಂದರೆ ಗೋಡೆಯ ಮೇಲಿನ ಗೆರೆ ಕರಗಿಹೋಗಿ ಬೆಳಕು ಎಲ್ಲೆಂದರಲ್ಲಿ ಹರಡುತ್ತದೆ. ಓಡಿಸುವವನಿಗೆ ಮುಂದಿನ ಹತ್ತಡಿ ಹಾಲು ಚೆಲ್ಲಿದಂತೆ ಬೆಳ್ಳಗೆ ಕಾಣುವುದರಿಂದ ಬೆಳಕು ಹೆಚ್ಚಾಯಿತೆಂಬ ಸಮಾಧಾನ. ಹತ್ತಿರ ಹೆಚ್ಚು ಬೆಳಗಿದಷ್ಟೂ ಅವನ ಕಣ್ಣಿನ ಪಾಪೆ ಕಿರಿದಾಗುತ್ತದೆ, ದೂರದ್ದು ಇನ್ನಷ್ಟು ಕಪ್ಪಾಗುತ್ತದೆ. ಎದುರಿನವನಿಗಂತೂ ಲೋ ಬೀಮಿಗೂ ಹೈ ಬೀಮಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ. ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆಯಲ್ಲಿ, ಹ್ಯಾಲೊಜೆನ್‌ಗೆಂದು ಮಾಡಿದ ಹೆಡ್‌ಲೈಟಿಗೆ ಎಲ್‌ಇಡಿ ಅಥವಾ ಎಚ್‌ಐಡಿ ಬಲ್ಬು ಹಾಕಿದ ಕಾರನ್ನು 2021ರಿಂದ ಫೇಲು ಮಾಡಬೇಕೆಂದಿದೆ. ಜರ್ಮನಿಯಲ್ಲಿ 2020ರಿಂದ ಕೆಲವು ಎಲ್‌ಇಡಿ ಬಲ್ಬುಗಳಿಗೆ ಒಪ್ಪಿಗೆ ಸಿಕ್ಕಿದೆ. ಅದೂ ಯಾವ ಕಾರಿನ ಯಾವ ಮಾದರಿಗೆ ಎಂದು ಒಂದೊಂದನ್ನೂ ಪರೀಕ್ಷಿಸಿ ಪಟ್ಟಿ ಮಾಡಿದ ಮೇಲೆ. ನಮ್ಮಲ್ಲಿ ಅದೇ ಬಗೆಯ ಬಲ್ಬು ಯಾವ ಗಾಡಿಗೆ ಎಂಬ ಪ್ರಶ್ನೆಯೂ ಇಲ್ಲದೆ ಕೈ ಬದಲಾಗುತ್ತದೆ.

ಇನ್ನೊಂದು ದಾರಿ 100/90 ವ್ಯಾಟಿನ ಹ್ಯಾಲೊಜೆನ್ ಬಲ್ಬು. ಅಸಲಿ ಬಲ್ಬು 60/55 ವ್ಯಾಟಿನದು. ಎರಡು ದೀಪಕ್ಕೆ ಸುಮಾರು 10 ಆಂಪಿಯರ್ ಕರೆಂಟು ಸಾಕು. 100 ವ್ಯಾಟ್ ಹಾಕಿದರೆ ಅದು 16 ದಾಟುತ್ತದೆ. ಮೂವತ್ತು ವರ್ಷದ ಜೀಪಿನ ವೈರಿಂಗು, ಸ್ವಿಚ್ಚು ಅದನ್ನು ತಾಳುವುದಿಲ್ಲ. ಬಲ್ಬಿನ ಪ್ಲಾಸ್ಟಿಕ್ ಹೋಲ್ಡರು ಕಂದಿ, ಕರಗಿ, ಕೊನೆಗೆ ಬಲ್ಬಿಗೇ ಅಂಟಿಕೊಂಡದ್ದನ್ನು ಗ್ಯಾರೇಜಿನಲ್ಲಿ ಕೆಲಸ ಮಾಡುವ ಯಾವ ಹುಡುಗನನ್ನು ಕೇಳಿದರೂ ತೋರಿಸುತ್ತಾನೆ. ಬೆಂಕಿ ಹೊತ್ತಿಕೊಳ್ಳುವ ದಾರಿಯೂ ಇದೇ.

ಹಾಗಾದರೆ ಹಳೆಯ ಜೀಪಿನ ಬೆಳಕು ಮಂಕಾಗಿರುವುದು ಯಾಕೆ? ಬಹಳ ಸಲ ತಪ್ಪು ಬಲ್ಬಿನದಾಗಿರುವುದಿಲ್ಲ. ಬ್ಯಾಟರಿಯಿಂದ ಹೊರಟ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಹೋಗಿ, ಅಲ್ಲಿಂದ ಡಿಮ್ಮರ್ ಸ್ವಿಚ್ಚಿಗೆ ಹೋಗಿ, ತೆಳ್ಳನೆಯ ಉದ್ದ ತಂತಿಯಲ್ಲಿ ಮುಂದಕ್ಕೆ ಬಂದು ದೀಪ ಮುಟ್ಟುತ್ತದೆ. ಪ್ರತಿಯೊಂದು ಕೀಲಿನಲ್ಲೂ ತುಕ್ಕು, ಕಿಲುಬು. ಅರ್ತ್ ತಂತಿ ಸಡಿಲವಾಗಿ ಬಣ್ಣ ಬಳಿದ ತಗಡಿಗೆ ಆತುಕೊಂಡಿರುತ್ತದೆ. ದೀಪ ಮುಟ್ಟುವ ಹೊತ್ತಿಗೆ ವೋಲ್ಟೇಜು ಸೋರಿಹೋಗಿರುತ್ತದೆ. ಹ್ಯಾಲೊಜೆನ್ ಬಲ್ಬಿನ ಗುಣವೇನೆಂದರೆ, ವೋಲ್ಟೇಜು ಹತ್ತರಲ್ಲಿ ಒಂದು ಪಾಲು ಇಳಿದರೆ ಬೆಳಕು ಹತ್ತರಲ್ಲಿ ಮೂರು ಪಾಲು ಇಳಿಯುತ್ತದೆ. ಬೆಳಕು ಹಳದಿಗೆ ತಿರುಗುವುದೂ ಇದರಿಂದಲೇ. ಇದಕ್ಕೆ ಮದ್ದು ರಿಲೇ ವೈರಿಂಗು. ಬ್ಯಾಟರಿಯಿಂದ ಫ್ಯೂಸು, ರಿಲೇಗಳ ಮೂಲಕ ದಪ್ಪ ತಂತಿಯನ್ನು ನೇರ ದೀಪಕ್ಕೆ ಎಳೆದು, ಹಳೆಯ ಸ್ವಿಚ್ಚಿಗೆ ಆ ರಿಲೇಯನ್ನು ಎಬ್ಬಿಸುವ ಸಣ್ಣ ಕೆಲಸ ಮಾತ್ರ ಬಿಡುವುದು. ಲೋ ಬೀಮಿಗೊಂದು ರಿಲೇ, ಹೈ ಬೀಮಿಗೊಂದು. ಅರ್ತನ್ನು ಬಣ್ಣ ಕೆರೆದ ಶುದ್ಧ ಲೋಹಕ್ಕೆ ಅಥವಾ ನೇರ ಬ್ಯಾಟರಿಗೆ ಕೊಡುವುದು. ಪಿಂಗಾಣಿ ಹೋಲ್ಡರು ಹಾಕುವುದು. ಒಬ್ಬ ಒಳ್ಳೆಯ ಆಟೊ ಎಲೆಕ್ಟ್ರಿಶಿಯನ್ನಿಗೆ ಇದು ಅರ್ಧ ದಿನದ ಕೆಲಸ. ಅದೇ 60/55 ಬಲ್ಬು, ಅದೇ ಗಾಜು, ಆದರೆ ಕಳೆದುಹೋಗಿದ್ದ ಬೆಳಕು ವಾಪಸು ಬರುತ್ತದೆ.

ರಿಫ್ಲೆಕ್ಟರಿನ ಬೆಳ್ಳಿಲೇಪ ಎದ್ದುಹೋಗಿದ್ದರೆ ಇದಾವುದೂ ನಾಟುವುದಿಲ್ಲ. ಬಲ್ಬು ತೆಗೆದು ಒಳಗೆ ಇಣುಕಿ ನೋಡಿದರೆ ತಿಳಿಯುತ್ತದೆ. ಒಳಗೆ ಮಂಕು, ಕಂದು ಕಲೆ, ನೀರು ನಿಂತ ಗುರುತು ಕಂಡರೆ ಗಾಜು ರಿಫ್ಲೆಕ್ಟರು ಸಮೇತ ಇಡೀ ದೀಪವನ್ನು ಬದಲಿಸಬೇಕು. ಇನ್ನೂ ಹಳೆಯ ಸೀಲ್ಡ್ ಬೀಮ್ ಇದ್ದವರು ಅದರ ಜಾಗಕ್ಕೆ ಬಲ್ಬು ಬದಲಿಸಬಹುದಾದ ಎಚ್4 ಗಾಜಿನ ದೀಪ ಹಾಕಿಸಿಕೊಳ್ಳುವುದು ಮೊದಲ ಹೆಜ್ಜೆ.

ಎಲ್‌ಇಡಿಯೇ ಬೇಕೆನ್ನುವವರಿಗೂ ದಾರಿ ಇದೆ. ಬಲ್ಬು ಮಾತ್ರ ಬದಲಿಸದೆ, ಎಲ್‌ಇಡಿಗೆಂದೇ ವಿನ್ಯಾಸ ಮಾಡಿದ 7 ಇಂಚಿನ ಇಡೀ ದೀಪವನ್ನು ಕೊಳ್ಳಬೇಕು. ಅಲ್ಲಿಯೂ ಗಾಜಿನ ಮೇಲಿನ ಗುರುತನ್ನು ಓದದೆ ದುಡ್ಡು ಕೊಡಬಾರದು. ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರವೂ ಒಂದು ಅಂಕಿಯೂ ಇದ್ದರೆ ಅದು ಅಂತರರಾಷ್ಟ್ರೀಯ ಪರೀಕ್ಷೆ ದಾಟಿದ ಗುರುತು. ಅದರ ಪಕ್ಕದಲ್ಲಿ ಒಂದು ಬಾಣ ಇರುತ್ತದೆ. ದೀಪದ ಎದುರು ನಿಂತು ನೋಡುವವನಿಗೆ ಬಾಣ ಬಲಕ್ಕೆ ತೋರಿಸುತ್ತಿದ್ದರೆ ಅದು ನಮ್ಮಂತೆ ಎಡಗಡೆ ಓಡಿಸುವ ದೇಶಗಳ ದೀಪ. ಎರಡೂ ಕಡೆ ತೋರಿಸುತ್ತಿದ್ದರೆ ಎರಡಕ್ಕೂ ಹೊಂದಿಸಬಹುದಾದದ್ದು, ಸರಿಯಾಗಿ ಹೊಂದಿಸಿಕೊಳ್ಳಬೇಕು. ಬಾಣವೇ ಇಲ್ಲದಿದ್ದರೆ ಬಲಗಡೆ ಓಡಿಸುವ ದೇಶದ್ದು. ಅಂಥ ದೀಪದಲ್ಲಿ ಎಡಕ್ಕೆ ಏರಬೇಕಾದ ಬೆಳಕು ಬಲಕ್ಕೆ ಏರುತ್ತದೆ, ಅಂದರೆ ಎದುರು ಬರುವವನ ಕಣ್ಣೊಳಗೆ. ಅಮೆರಿಕದ ಜೀಪುಗಳಿಗೆಂದು ಮಾಡಿದ, ನೋಡಲು ಬಹಳ ಚೆಂದದ ಎಲ್‌ಇಡಿ ದೀಪಗಳು ಅಲ್ಲಿನ ಬಲಗಡೆಯ ಸಂಚಾರಕ್ಕೆಂದು ವಿನ್ಯಾಸವಾದವು. ದೀಪ ದುಬಾರಿಯೆಂದ ಮಾತ್ರಕ್ಕೆ ನಮ್ಮ ರಸ್ತೆಗೆ ಒಗ್ಗುವುದಿಲ್ಲ.

ಇಷ್ಟೆಲ್ಲ ಸರಿ ಮಾಡಿದರೂ ಫೋಕಸ್ ತಪ್ಪಿದರೆ ಎಲ್ಲ ವ್ಯರ್ಥ. ಬೆಟ್ಟದ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ, ಇದರ ಬಗ್ಗೆಯೇ ಎಲ್ಲಕ್ಕಿಂತ ಕಡಿಮೆ ಮಾತು. ಲೋ ಬೀಮು 10 ಮೀಟರಿಗೆ 10 ಸೆಂಟಿಮೀಟರ್ ಕೆಳಗೆ ಬಾಗಿರಬೇಕೆಂಬುದು ಸಾಮಾನ್ಯ ಲೆಕ್ಕ. ದೀಪದ ನಡುಮಧ್ಯ ನೆಲದಿಂದ 90 ಸೆಂಟಿಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಆಗ ಬೆಳಕಿನ ಗೆರೆ 90 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ, ನಡುವೆ ಎಲ್ಲಿಯೂ ಯಾರ ಕಣ್ಣಿನ ಎತ್ತರಕ್ಕೆ ಏರುವುದಿಲ್ಲ. ಈಗ ಹಿಂದಿನ ಎದುರುಬದುರು ಸೀಟುಗಳಲ್ಲಿ ಆರು ಜನ ನೆಂಟರನ್ನು ಕೂರಿಸಿಕೊಂಡು ದೇವಿಯ ದರ್ಶನಕ್ಕೆ ಹೊರಡಿ. ಎಂಎಂ 540ರ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ ಸುಮಾರು 2.3 ಮೀಟರ್. ಹಿಂದಿನ ಪಟ್ಟಿ ಸ್ಪ್ರಿಂಗು ನಾಲ್ಕೇ ನಾಲ್ಕು ಸೆಂಟಿಮೀಟರ್ ಕುಸಿದರೆ ಗಾಡಿಯ ಮೂತಿ ಒಂದು ಡಿಗ್ರಿ ಮೇಲೇಳುತ್ತದೆ. ಕೆಳಗೆ ಬಾಗಿದ್ದ ಬೆಳಕು ಈಗ ಮೇಲಕ್ಕೆ ಹೊರಟಿತು. 40 ಮೀಟರ್ ದೂರದಲ್ಲಿ ಅದು ನೆಲದಿಂದ 120 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಎದುರಿನ ಕಾರಿನ ಚಾಲಕನ ಕಣ್ಣು ಇರುವುದೂ ಹೆಚ್ಚುಕಡಿಮೆ ಅಲ್ಲಿಯೇ. ಒಂದು ಡಿಗ್ರಿಯ ತಪ್ಪಿಗೆ ಇಷ್ಟು ಬೆಲೆ. ಮುದಿಯಾದ ಸ್ಪ್ರಿಂಗುಗಳಿರುವ, ಎತ್ತರಕ್ಕೆ ಏರಿಸಿದ, ದೊಡ್ಡ ಟೈರು ಹಾಕಿದ ಜೀಪುಗಳ ಫೋಕಸನ್ನು ಮತ್ತೆ ಹೊಂದಿಸದೆ ರಸ್ತೆಗೆ ಬಿಟ್ಟರೆ ಏನಾಗುತ್ತದೆಂದು ಬೆಟ್ಟದ ತಿರುವಿನಲ್ಲಿ ನಿಂತರೆ ಕಾಣುತ್ತದೆ.

ಫೋಕಸ್ ಹೊಂದಿಸುವುದು ಕಷ್ಟದ ವಿದ್ಯೆಯೇನಲ್ಲ. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರದಲ್ಲಿ ಗಾಡಿ ನಿಲ್ಲಿಸಬೇಕು, ಟೈರಿನ ಗಾಳಿ ಸರಿಯಿರಬೇಕು, ಸಾಮಾನ್ಯವಾಗಿ ಹೊರುವಷ್ಟು ಭಾರ ಒಳಗಿರಬೇಕು. ದೀಪದ ನಡುಮಧ್ಯದ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತಿಸಿ, ಲೋ ಬೀಮಿನ ಗೆರೆ ಅದಕ್ಕಿಂತ 10 ಸೆಂಟಿಮೀಟರ್ ಕೆಳಗೆ ಬರುವವರೆಗೆ ದೀಪದ ಬಳೆಯಲ್ಲಿರುವ ಸ್ಕ್ರೂ ತಿರುಗಿಸಬೇಕು. ಎತ್ತರಕ್ಕೊಂದು ಸ್ಕ್ರೂ, ಎಡಬಲಕ್ಕೊಂದು. ಹಳೆಯ ಜೀಪುಗಳಲ್ಲಿ ಅವು ತುಕ್ಕು ಹಿಡಿದು ಅಲ್ಲಾಡದಂತಾಗಿರುತ್ತವೆ. ಹಿಂದಿನ ದಿನವೇ ಎಣ್ಣೆ ಬಿಟ್ಟಿಡುವುದು ಒಳ್ಳೆಯದು.

ಗಾಜಿನ ನಡುವೆ ಕಪ್ಪು ಬಣ್ಣದ ಬೊಟ್ಟು ಇಡುವ ಹಳೆಯ ಪದ್ಧತಿಯೊಂದಿದೆ. ಕಾನೂನು ಪಾಲಿಸಿದಂತಾಯಿತೆಂದು ಹಲವರು ಅದನ್ನೇ ನೆಚ್ಚಿಕೊಂಡಿದ್ದಾರೆ. ಆ ಬೊಟ್ಟು ಇರುವ ಬೆಳಕನ್ನಷ್ಟು ನುಂಗುತ್ತದೆ, ಗೆರೆಯನ್ನು ಕೆಳಗಿಳಿಸುವುದಿಲ್ಲ. ತಪ್ಪು ಬಲ್ಬಿನ ಚೆಲ್ಲಾಪಿಲ್ಲಿ ಬೆಳಕಿಗಂತೂ ಅದು ಯಾವ ಅಡ್ಡಿಯೂ ಅಲ್ಲ.

ಲೈಟ್ ಬಾರ್ ವಿಷಯಕ್ಕೆ ಬಂದರೆ ನನ್ನ ನಿಲುವು ಖಡಾಖಂಡಿತ. ಬಾನೆಟ್ಟಿನ ಮೇಲೆ, ಟಾಪಿನ ಮೇಲೆ ಕಟ್ಟುವ ಆ ಉದ್ದನೆಯ ದೀಪಕ್ಕೆ ಲೋ ಬೀಮೂ ಇಲ್ಲ, ಗೆರೆಯೂ ಇಲ್ಲ. ಕೇಂದ್ರ ಮೋಟಾರು ವಾಹನ ನಿಯಮಾವಳಿಯ 111ನೇ ನಿಯಮ ನೋಂದಣಿ ಅಧಿಕಾರಿಯ ಪೂರ್ವಾನುಮತಿ ಇಲ್ಲದೆ ಸ್ಪಾಟ್‌ಲೈಟ್, ಸರ್ಚ್‌ಲೈಟ್ ಹಾಕಕೂಡದೆಂದು ಸ್ಪಷ್ಟವಾಗಿ ಹೇಳುತ್ತದೆ. ಖಾಸಗಿ ಎಸ್ಟೇಟಿನೊಳಗೆ, ಆಫ್‌ರೋಡ್ ಸ್ಪರ್ಧೆಯ ಟ್ರ್ಯಾಕಿನಲ್ಲಿ ಅದಕ್ಕೆ ಕೆಲಸ ಇರಬಹುದು. ಚಾಮುಂಡಿ ಬೆಟ್ಟ ಆಫ್‌ರೋಡ್ ಟ್ರ್ಯಾಕಲ್ಲ. ಡಾಂಬರು ರಸ್ತೆಯಲ್ಲಿ, ಮನೆಮಂದಿಯೊಡನೆ ಹೋಗುವ ದಾರಿಯಲ್ಲಿ ಅದನ್ನು ಉರಿಸುವವರಿಗೆ ಯಾವ ರಿಯಾಯಿತಿಯೂ ಬೇಡ. ಚಳಿಗಾಲದ ಮುಂಜಾನೆ ಮಂಜು ಕವಿದಾಗಲೂ ಅದು ಉಪಯೋಗಕ್ಕೆ ಬಾರದು. ಎತ್ತರದಿಂದ ಹೊರಟ ಬಿಳಿ ಬೆಳಕು ಮಂಜಿನ ಹನಿಗಳಿಗೆ ಬಡಿದು ಓಡಿಸುವವನ ಕಣ್ಣಿಗೇ ವಾಪಸಾಗುತ್ತದೆ. ಮಂಜಿಗೆ ಬೇಕಾದದ್ದು ಬಂಪರಿನ ಕೆಳಗೆ, ನೆಲಕ್ಕೆ ಹತ್ತಿರ ಕೂರಿಸಿದ, ಅಗಲಕ್ಕೆ ಹರಡಿ ಮೇಲಕ್ಕೇಳದ ಫಾಗ್ ಲ್ಯಾಂಪು. ಬಣ್ಣ ಹಳದಿಯೋ ಬಿಳಿಯೋ ಎಂಬುದಕ್ಕಿಂತ ಅದು ಕೂತಿರುವ ಎತ್ತರ ಮುಖ್ಯ.

ಇನ್ನು ಅಧಿಕಾರಿಗಳಲ್ಲಿ ನನ್ನ ಅಹವಾಲು.

ಕಾನೂನು ಇಲ್ಲ ಎಂದು ಹೇಳುವಂತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಾವಳಿಯ 106ನೇ ನಿಯಮ ಓದಿ ನೋಡಿ. ದೀಪದಿಂದ 8 ಮೀಟರ್ ಮುಂದೆ, ಗಾಡಿಯ ಬಲ ಅಂಚಿನಿಂದ ಅರ್ಧ ಮೀಟರ್ ಆಚೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ಯಾವ ವ್ಯಕ್ತಿಗೂ ಕಣ್ಣು ಕೋರೈಸದಂತೆ ದೀಪ ಬಾಗಿರಬೇಕು ಎನ್ನುತ್ತದೆ. ಇಷ್ಟು ಖಚಿತವಾದ ಅಳತೆ ಇರುವಾಗ ತಪಾಸಣೆ ಮಾತ್ರ ಕಣ್ಣಂದಾಜಿನಲ್ಲಿ ನಡೆಯುತ್ತದೆ. ಖಾಸಗಿ ವಾಹನದ ನೋಂದಣಿಯನ್ನು 15 ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಹಳೆಯ ಜೀಪೊಂದನ್ನು ಹೀಗೆ ಕಚೇರಿಯೊಂದಕ್ಕೆ ಒಯ್ದಾಗ ನಾನು ಕಂಡದ್ದಿಷ್ಟು: ಲೈಟ್ ಹಾಕಿ ಎಂದರು, ಹಾಕಿದೆ, ಉರಿಯಿತು, ಆಯಿತು ಎಂದರು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಹೆಡ್‌ಲೈಟು ಉರಿಯಿತೆಂದರೆ ಏನು ತಿಳಿದಂತಾಯಿತು? ಬೆಳಕು ಎಲ್ಲಿ ಬೀಳುತ್ತದೆ ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಹೆಡ್‌ಲೈಟ್ ಬೀಮ್ ಪರೀಕ್ಷಿಸುವ ಯಂತ್ರ ಚಕ್ರಗಳ ಮೇಲೆ ತಳ್ಳಿಕೊಂಡು ಬರಬಹುದಾದ ಒಂದು ಪೆಟ್ಟಿಗೆ. ದೀಪದ ಮುಂದೆ ಹಿಡಿದರೆ ಗೆರೆ ಎಷ್ಟು ಏರಿದೆ, ಇಳಿದಿದೆ ಎಂದು ಹಗಲಿನಲ್ಲೂ ತೋರಿಸುತ್ತದೆ.

2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ಕಾರ್ಯಾಚರಣೆ ಶುರು ಮಾಡಿ, ಮೋಟಾರು ವಾಹನ ಕಾಯಿದೆಯ 177ನೇ ಕಲಮಿನಡಿ ಪ್ರಕರಣ ದಾಖಲಿಸಿದರು. ಆ ಹೆಜ್ಜೆಯನ್ನು ನಾನು ಮನಸಾರೆ ಸ್ವಾಗತಿಸಿದವನು. ಆದರೆ 500 ರೂಪಾಯಿ ಕಟ್ಟಿದವನು ಅದೇ ದೀಪದೊಡನೆ ಮುಂದಿನ ತಿರುವಿಗೆ ಹೋದರೆ ಆ ದಂಡದಿಂದ ಯಾರಿಗೆ ಏನು ದಕ್ಕಿತು? ಬಲ್ಬನ್ನು ಬಿಚ್ಚಿಸಿ, ಸರಿಯಾದದ್ದನ್ನು ಹಾಕಿಸಿಕೊಂಡು ಬಂದು ತೋರಿಸುವವರೆಗೆ ಪ್ರಕರಣ ಮುಗಿಯಬಾರದು. ಇದೇ ಕಾಯಿದೆಯ 182ಎ ಕಲಮು ಅನುಮತಿಯಿಲ್ಲದೆ ವಾಹನ ಮಾರ್ಪಡಿಸಿದ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಎನ್ನುತ್ತದೆ. ಸುರಕ್ಷತೆಗೆ ನಿರ್ಣಾಯಕವೆಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ಬಿಡಿಭಾಗವನ್ನು ಮಾನದಂಡ ಮೀರಿ ಮಾರಿದವನಿಗೆ ಒಂದೊಂದು ಬಿಡಿಭಾಗಕ್ಕೂ ಒಂದು ಲಕ್ಷ ರೂಪಾಯಿ ದಂಡ ಅಥವಾ ಒಂದು ವರ್ಷದವರೆಗೆ ಸೆರೆವಾಸ ಎಂದೂ ಅದೇ ಕಲಮಿನಲ್ಲಿದೆ. ರಸ್ತೆಯಲ್ಲಿ ತಡೆದು ನಿಲ್ಲಿಸುವುದು ಕೊಂಡವನನ್ನು ಮಾತ್ರ. ಹೆಡ್‌ಲೈಟ್ ಬಲ್ಬು ಮಾರುವ ಅಂಗಡಿಗೂ ಇಲಾಖೆ ಕಾಲಿಡಬೇಕು. ಅಲ್ಲಿ ಕಪಾಟಿನಲ್ಲಿರುವುದು ಇಲ್ಲದೆಹೋದರೆ ರಸ್ತೆಯಲ್ಲಿ ತಡೆಯುವ ಕೆಲಸ ಎಷ್ಟೋ ಹಗುರಾಗುತ್ತದೆ.

ನಾನು ಕೇಳುವ ವ್ಯವಸ್ಥೆಗೆ ಹೊಸ ಕಟ್ಟಡ ಬೇಡ. ಆಷಾಢ ಶುಕ್ರವಾರಗಳಂದು ಬೆಟ್ಟಕ್ಕೆ ಖಾಸಗಿ ವಾಹನ ನಿಲ್ಲಿಸಿ, ಲಲಿತಮಹಲ್ ಹೆಲಿಪ್ಯಾಡ್ ಮೈದಾನದಿಂದ ಸಾರಿಗೆ ಬಸ್ಸುಗಳಲ್ಲಿ ಲಕ್ಷಾಂತರ ಜನರನ್ನು ಮೇಲೆ ಕರೆದೊಯ್ಯುವ ಜಿಲ್ಲಾಡಳಿತ ಇದು. ಅಷ್ಟು ದೊಡ್ಡ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಬಲ್ಲವರಿಗೆ, ಅದೇ ಮೈದಾನದ ಒಂದು ಮೂಲೆಯಲ್ಲಿ ತಿಂಗಳಿಗೊಂದು ಭಾನುವಾರ ಬೀಮ್ ಪರೀಕ್ಷಾ ಯಂತ್ರವೊಂದನ್ನೂ ಇಬ್ಬರು ಮೋಟಾರು ವಾಹನ ನಿರೀಕ್ಷಕರನ್ನೂ ಕೂರಿಸುವುದು ಕಷ್ಟವಾಗಲಾರದು. ನಗರದ ಪಾಲಿಟೆಕ್ನಿಕ್, ಐಟಿಐ ವಿದ್ಯಾರ್ಥಿಗಳು ಕೈಜೋಡಿಸಿದರೆ ಅವರಿಗೂ ಕಲಿಕೆ. ಬಂದ ಗಾಡಿಯ ಫೋಕಸ್ ಅಳೆದು, ಅಲ್ಲಿಯೇ ಸ್ಕ್ರೂ ತಿರುಗಿಸಿ ಸರಿ ಮಾಡಿ, ಬಲ್ಬು ಯಾವುದೆಂದು ನೋಡಿ, ಒಂದು ಚೀಟಿ ಬರೆದುಕೊಟ್ಟರೆ ಸಾಕು. ಮೊದಲ ಆರು ತಿಂಗಳು ದಂಡವಿಲ್ಲದೆ, ತಿದ್ದುವುದಕ್ಕಷ್ಟೇ ಅದು ಇರಲಿ. ಹಾಗಿದ್ದರೆ ಜನ ತಾವಾಗಿಯೇ ಬರುತ್ತಾರೆ. ಆಮೇಲೆ ಬೆಟ್ಟದ ಪಾದದಲ್ಲಿ ಕತ್ತಲ ಹೊತ್ತು ತಪಾಸಣೆ ಕಟ್ಟುನಿಟ್ಟಾಗಲಿ. ಹೈ ಬೀಮ್ ಉರಿಸುತ್ತ ಬಂದವರನ್ನು, ಲೈಟ್ ಬಾರ್ ಕಟ್ಟಿದವರನ್ನು ಮೇಲಕ್ಕೆ ಬಿಡಬೇಡಿ. ಬೀದಿದೀಪಗಳು ಉರಿಯುವ ಭಾಗದಲ್ಲಿ ಲೋ ಬೀಮ್ ಮಾತ್ರ ಎಂಬ ಫಲಕವನ್ನು, ತಿರುವಿಗೆ ಮೊದಲೇ ಓದಲು ಸಿಗುವಂತೆ, ಕನ್ನಡದಲ್ಲಿ ದೊಡ್ಡದಾಗಿ ಹಾಕಿಸಿ. ಮೆಟ್ಟಿಲ ದಾರಿ ರಸ್ತೆಗೆ ಸೇರುವ ಕಡೆಗಳಲ್ಲಿ ಆ ಫಲಕ ತಪ್ಪದೆ ಇರಬೇಕು.

ಜೀಪಿನ ಗೆಳೆಯರಲ್ಲಿ ಒಂದು ಮಾತು. ಅಧಿಕಾರಿಗಳು ಎದ್ದು ಬರುವ ತನಕ ಕಾಯಬೇಕಿಲ್ಲ. ಈ ವಾರವೇ ಬಲ್ಬು ಬಿಚ್ಚಿ ನೋಡಿ. ಎಲ್‌ಇಡಿ ಸಿಕ್ಕಿಸಿದ್ದರೆ ತೆಗೆದು ಹ್ಯಾಲೊಜೆನ್ ಹಾಕಿ, ಮೊದಲು ರಿಲೇ, ಅರ್ತ್ ಸರಿ ಮಾಡಿಸಿ, ಗೋಡೆಯ ಮುಂದೆ ನಿಲ್ಲಿಸಿ ಅಳೆಯಿರಿ. ನಮ್ಮ ಗಾಡಿಗಳನ್ನು ಹಳೆಯವೆಂದು ರಸ್ತೆಯಿಂದ ಓಡಿಸಬೇಕೆನ್ನುವ ದನಿ ದಿನೇದಿನೇ ಜೋರಾಗುತ್ತಿದೆ. ಜನರಿಗೆ ಉಪದ್ರವ ಕೊಡದೆ ಇವುಗಳನ್ನು ಓಡಿಸಬಹುದೆಂದು ತೋರಿಸಿಕೊಡುವ ಹೊಣೆ ನಮ್ಮ ಮೇಲಿದೆ. ಮಾರುತಿ, ಮಹೀಂದ್ರ ಕಂಪನಿಗಳೂ ತಮ್ಮ ಹಳೆಯ ಜೀಪುಗಳಿಗೆ ಒಪ್ಪುವ ದೀಪ, ರಿಲೇ ವೈರಿಂಗಿನ ಸೆಟ್ಟನ್ನು ಅಧಿಕೃತವಾಗಿ ಪಟ್ಟಿ ಮಾಡಿ ಕೊಟ್ಟರೆ ಎಷ್ಟೋ ಗೊಂದಲ ತಪ್ಪುತ್ತದೆ.

ಮುಂದಿನ ಆಷಾಢ ಬರುವ ಮೊದಲು ಪರೀಕ್ಷಾ ಯಂತ್ರ ಮೈದಾನಕ್ಕೆ ಬರಲಿ ಎಂದು ಕೋರುತ್ತೇನೆ. ಅದರ ದಿನಾಂಕವನ್ನು ತಮ್ಮ ಕಚೇರಿ ಪತ್ರಿಕೆಗಳಲ್ಲಿ ಪ್ರಕಟಿಸಿದರೆ, ಮೊದಲ ಭಾನುವಾರ ಬೆಳಿಗ್ಗೆಯೇ ನನ್ನ ಜೀಪನ್ನೂ, ನನಗೆ ತಿಳಿದ ಜೀಪುಗಳ ಮಾಲೀಕರನ್ನೂ ಕರೆದುಕೊಂಡು ಬಂದು ಸಾಲಿನಲ್ಲಿ ನಿಲ್ಲುತ್ತೇನೆ.

ತಮ್ಮ ವಿಶ್ವಾಸಿ,
ಹಳೆಯ ಜೀಪೊಂದರ ಮಾಲೀಕ,
ಸಿದ್ಧಾರ್ಥನಗರ, ಮೈಸೂರು